ವಿದೇಶಿ ಆಟಗಾರ, ಹಳಿಯಾಳ ತಾಲ್ಲೂಕು

ಮುಂಬೈಯ ಆಂಟಾಪ್ ಹಿಲ್‌ನಲ್ಲಿ ಬಾಡಿಗೆ ಕೋಣೆ ತೋರಿಸಲು ಬಂದ ದಲಾಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೊದಲು ಕೇಳಿದ್ದು ಪಾಸ್‌ಪೋರ್ಟ್. ಆಮೇಲೆ ವೀಸಾ. ನಾನು ಹಳಿಯಾಳದಿಂದ ಬಸ್ಸಿನಲ್ಲಿ ಬಂದಿದ್ದೆ. ಹೆಗಲಲ್ಲಿ ಒಂದು ಚೀಲ, ಅದರೊಳಗೆ ಬಟ್ಟೆ, ಫುಟ್‌ಬಾಲ್ ಬೂಟು, ಅವ್ವ ಕಟ್ಟಿಕೊಟ್ಟ ರೊಟ್ಟಿ. ಹಳಿಯಾಳದವರಿಗೆ ವೀಸಾ ಎಲ್ಲಿ ಕೊಡುತ್ತಾರೆ ಎಂದು ನಾನೂ ಹಿಂದಿಯಲ್ಲೇ ಕೇಳಿದೆ. ಅವನು ನಗಲಿಲ್ಲ. "ಹಳಿಯಾಳ್ ಕೌನ್‌ಸಾ ಕಂಟ್ರಿ ಹೈ?" ಎಂದ.

ನನ್ನ ಹೆಸರು ಗಣಪತಿ. ಜಾತಿಯಲ್ಲಿ ಸಿದ್ದಿ. ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಗೋವೆಗೆ ತಂದ ಆಫ್ರಿಕಾದ ಜನರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರಂತೆ; ನಾವು ಅವರ ಸಂತಾನ. ಹಳಿಯಾಳದ ಸಂತೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ಅಲ್ಲಿಯೂ ಜನ ನಮ್ಮನ್ನು ದೂರ ಇಡುತ್ತಾರೆ, ಆದರೆ ಗುರುತು ಹಿಡಿದೇ ದೂರ ಇಡುತ್ತಾರೆ. ಮುಂಬೈಗೆ ಅಷ್ಟು ತಿಳಿವಳಿಕೆಯೂ ಇಲ್ಲ. ಭಾದ್ರಪದದಲ್ಲಿ ಗಂಟಲು ಹರಿಯುವವರೆಗೆ ನನ್ನ ಹೆಸರು ಕೂಗುವ ಊರು, ನಾನು ಅದೇ ಹೆಸರು ಹೇಳಿದರೆ "ರಿಯಲಿ?" ಎನ್ನುತ್ತದೆ.

ಕೊನೆಗೆ ಕೋಣೆ ಕೊಟ್ಟವಳು ವಿಜಯಪುರದ ಶಾಂತವ್ವ. ಗಂಡ ಕಟ್ಟಡದ ಕೆಲಸಕ್ಕೆ ಬಂದು ತೀರಿಕೊಂಡ ಮೇಲೆ ಇಲ್ಲಿಯೇ ಉಳಿದವಳು. ನನ್ನ ಕನ್ನಡ ಕೇಳಿ, "ಅಯ್ಯ, ಹಳ್ಯಾಳಂದ್ರ ನಮ್ಮ ಕಡೀದೇ ಆತಲ್ಲೋ ತಮ್ಮಾ" ಎಂದು ಚಹಾ ಇಟ್ಟಳು. ಹೃದಯ ತುಂಬಿತು. ಮರುದಿನ ನಳದ ಹತ್ತಿರ ಪಕ್ಕದ ಮನೆಯವಳಿಗೆ ಅವಳು ಹೇಳುತ್ತಿದ್ದಳು: "ಆಫ್ರಿಕಾದಂವ. ಆದ್ರೂ ಕನ್ನಡ ಎಷ್ಟ್ ಚಂದ ಕಲತಾನ ನೋಡು."

ಕೆಲಸ ಫೋರ್ಟ್ ಏರಿಯಾದ ಒಂದು ಕಚೇರಿಯಲ್ಲಿ, ಕ್ರೀಡಾ ಕೋಟಾದ ಗುಮಾಸ್ತಿಕೆ. ಮಧ್ಯಾಹ್ನ ಊಟಕ್ಕೆ ಹೋಗುವ ಉಡುಪಿ ಹೋಟೆಲಿನ ಮಾಣಿ ಕುಂದಾಪುರದವನು. ಎಲ್ಲರಿಗೂ ತಟ್ಟೆ ಕುಕ್ಕಿ ಹೋಗುವವನು ನನಗೆ ಮಾತ್ರ ಚಮಚ ಒರೆಸಿ ಕೊಟ್ಟು "ಸರ್, ನೋ ಸ್ಪೈಸಿ" ಎಂದು ಧೈರ್ಯ ಹೇಳುತ್ತಿದ್ದ. ನಾನು ನಮ್ಮಲ್ಲಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನುವವನು. ಬೆಲ್ಲ ಸುರಿದ ಆ ಸಾಂಬಾರನ್ನು ಕಂಡರೇ ವಾಕರಿಕೆ. ಒಂದು ದಿನ "ಖಾರದ್ದು ಏನರ ಐತೇನೋ, ಇಲ್ಲಾ ಬರೇ ಪಾಯಸಾನೇ ಮಾಡ್ತೀರೇನು?" ಎಂದೆ. ಅವನು ಅಡುಗೆಮನೆಯಿಂದ ಇಬ್ಬರನ್ನು ಕರೆತಂದು ನನ್ನನ್ನು ತೋರಿಸಿದ. ಅಂದಿನಿಂದ ಕೇಳದೆಯೇ ಚಟ್ನಿ ಬರುತ್ತದೆ. ಈ ಊರಿನಲ್ಲಿ ನಾನು ಗೆದ್ದದ್ದು ಇಂಥವೇ.

ಲೋಕಲ್ ರೈಲಿನಲ್ಲಿ ಸೀಟು ಸಿಗುವುದೇ ಭಾಗ್ಯ ಎನ್ನುತ್ತಾರೆ. ಬಾಗಿಲಿಗೆ ಜೋತುಬಿದ್ದು ಪ್ರಾಣ ಒತ್ತೆಯಿಡುವ ಈ ಶೂರರು ನನ್ನ ಪಕ್ಕದ ಜಾಗ ಖಾಲಿ ಇದ್ದರೆ ಒಂದು ಕ್ಷಣ ಯೋಚಿಸುತ್ತಾರೆ. ಊರಿನಲ್ಲಿ ಟೆಂಪೊ ಹತ್ತಿದರೆ ಯಾರದೋ ಕೋಳಿಯೂ ನನ್ನ ತೊಡೆಯ ಮೇಲೆ ಕೂರುತ್ತಿತ್ತು. ಇಲ್ಲಿ ಕಿಟಕಿಯ ಹತ್ತಿರ ಕಾಲು ಚಾಚಿ ಕೂತು, ಆ ಕೋಳಿಯನ್ನು ನೆನೆದುಕೊಂಡು ನನಗೆ ಅಳು ಬಂದದ್ದೂ ಉಂಟು.

ಭಾನುವಾರ ಗೋರೆಗಾಂವ್‌ನ ಒಂದು ಸಣ್ಣ ಕ್ಲಬ್ಬಿಗೆ ಆಡಲು ಹೋಗುತ್ತಿದ್ದೆ. ಅದರ ಸೆಕ್ರೆಟರಿ ದೇಸಾಯಿ ಸಾಹೇಬರು ಬೆಳಗಾವಿ ಕಡೆಯವರು, ಬಟ್ಟೆ ವ್ಯಾಪಾರಿ. ಚೆಂಡನ್ನು ಜೀವನದಲ್ಲಿ ಒಮ್ಮೆಯೂ ಒದೆಯದಿದ್ದರೂ ಒದೆಯುವವರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು. ಅವರು ನನ್ನನ್ನು ಸೇರಿಸಿಕೊಂಡದ್ದೇ ಎದುರಿನವರು ಹೆದರಲಿ ಎಂದು. "ನೀ ಭಾಳ ಮಾತಾಡಬ್ಯಾಡ, ಸುಮ್ನ ಗುರಾಯಿಸ್ಕೋತ ನಿಂದ್ರು" ಎಂಬುದೇ ಅವರ ತರಬೇತಿ.

ಆ ವರ್ಷ ನೀಲ್ ಬಂದ. ಲಂಡನ್‌ನಲ್ಲಿ ಹುಟ್ಟಿ ಬೆಳೆದವನು, ಅಜ್ಜ ಧಾರವಾಡದವರು. ಭಾರತ ತಂಡಕ್ಕೆ ಆಡಬೇಕೆಂಬ ಹುಚ್ಚು ಹತ್ತಿಸಿಕೊಂಡಿದ್ದ. ಆಟ ಚೆನ್ನಾಗಿತ್ತು, ಕನ್ನಡ "ಸಾಕು" ಎಂಬಲ್ಲಿಗೆ ಮುಗಿಯುತ್ತಿತ್ತು. ದೇಸಾಯರು ಹಾರ ಹಾಕಿ, ಪೇಢಾ ತಿನ್ನಿಸಿ, "ನಮ್ಮ ರಕ್ತ, ನಮ್ಮ ರಕ್ತ" ಎಂದು ಮೈದಾನವೆಲ್ಲ ಸುತ್ತಿಸಿದರು.

ದೇಶದ ತಂಡಕ್ಕೆ ಆಡಲು ನಿಯಮ ಏನೆಂದು ನನಗೆ ತಿಳಿಸಿದವನು ನೀಲ್. ಒಂದು ದೇಶದ ಪೌರತ್ವವನ್ನು ಹೊಸದಾಗಿ ಪಡೆದರೆ ಸಾಲದು. ನೀನೋ, ನಿನ್ನ ತಂದೆತಾಯಿಯೋ, ಅಜ್ಜಅಜ್ಜಿಯೋ ಆ ನೆಲದಲ್ಲಿ ಹುಟ್ಟಿರಬೇಕು. ಅದಿಲ್ಲದಿದ್ದರೆ ಹದಿನೆಂಟು ದಾಟಿದ ಮೇಲೆ ಐದು ವರ್ಷ ಅಲ್ಲಿ ಬಾಳಿರಬೇಕು. ಅವನಿಗೆ ಧಾರವಾಡದ ಅಜ್ಜ ಇದ್ದರು, ಇಲ್ಲದ್ದು ಪೌರತ್ವ. ಸಾಗರೋತ್ತರ ಭಾರತೀಯ ಎಂಬ ಕಾರ್ಡು ಇತ್ತು, ಅದು ಆಟಕ್ಕೆ ನಡೆಯದು. ನಮ್ಮ ದೇಶ ಎರಡು ಪಾಸ್‌ಪೋರ್ಟ್ ಒಪ್ಪುವುದಿಲ್ಲ. ಇಲ್ಲಿ ಒಂದು ವರ್ಷ ಕಾಲ ನೆಲೆಸಿ, ಅಲ್ಲಿನದನ್ನು ಬಿಟ್ಟುಕೊಡಬೇಕು. ಅವನು ಆ ವರ್ಷವನ್ನು ಕಳೆಯುತ್ತಿದ್ದ.

"ನಿನ್ನ ಅಜ್ಜ ಎಲ್ಲಿ ಹುಟ್ಟಿದ್ದು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಕಾಡಿನಲ್ಲಿ. ಅವರ ಅಜ್ಜನೂ ಅಲ್ಲೇ."

"ಹಾಗಾದರೆ ನೀನು ಅದೃಷ್ಟವಂತ" ಎಂದ. ಮುಂಬೈಯಲ್ಲಿ ನನ್ನನ್ನು ಅದೃಷ್ಟವಂತ ಎಂದವನು ಅವನೊಬ್ಬನೇ. ಅವನೂ ಹೊರಗಿನವನು.

ಮಳೆಗಾಲ ಮುಗಿದ ಮೇಲೆ ಒಂದು ಟೂರ್ನಮೆಂಟು ಬಂತು. ಭಾರತದ ನಾಗರಿಕರು ಮಾತ್ರ ಆಡಬಹುದು ಎಂಬುದು ಅದರ ನಿಯಮ. ದೇಸಾಯರು ನೀಲ್‌ನ ಹೆಸರನ್ನೂ ಸೇರಿಸಿದರು. "ಯಾರ್ ನೋಡ್ತಾರ? ಮುಖಾ ನೋಡಿದ್ರ ಸಾಕು, ನಮ್ಮಂವ ಅಂತ ತಿಳೀತದ" ಎಂದರು. ಅವನಿಗೆ ಹೇಳಿದ್ದು ಬೇರೆ, ಅನುಮತಿ ಸಿಕ್ಕಿದೆ ಎಂದು.

ಸೆಮಿಫೈನಲ್ ದಿನ ಆಟ ಶುರುವಾಗುವ ಮೊದಲೇ ಎದುರು ತಂಡದವರು ತಕರಾರು ಎತ್ತಿದರು: ಗೋರೆಗಾಂವ್ ತಂಡದಲ್ಲಿ ಫಾರಿನರ್ ಇದ್ದಾನೆ. ವ್ಯವಸ್ಥಾಪಕ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಬಂದವನೇ, ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದ ನೀಲ್‌ನನ್ನು ಕೈಯಿಂದ ಸರಿಸಿ ನನ್ನ ಮುಂದೆ ನಿಂತ.

"ಪಾಸ್‌ಪೋರ್ಟ್ ದಿಖಾ."

ಆಧಾರ್ ತೋರಿಸಿದೆ. ಅದು ಯಾರಿಗೆ ಬೇಕಾದರೂ ಸಿಗುತ್ತದೆ ಎಂದ. ಮತದಾರರ ಚೀಟಿ ತೋರಿಸಿದೆ. ಅದನ್ನು ಬಿಸಿಲಿಗೆ ಹಿಡಿದು ನೋಡಿದ, ಖೋಟಾ ನೋಟು ನೋಡುವ ಹಾಗೆ. ಸುತ್ತ ಜನ ಸೇರಿ ಮೊಬೈಲು ಎತ್ತಿದರು. ನಾನು ದೇಸಾಯರ ಕಡೆ ನೋಡಿದೆ. ಒಂದು ಮಾತು ಸಾಕಿತ್ತು. ಅವರು ಹತ್ತಿರ ಬಂದು ನನ್ನ ಭುಜ ಹಿಡಿದು ಮೆಲ್ಲಗೆ ಹೇಳಿದರು: "ನೀ ಹೊರಗ ಕೂಡು ಗಣಪತಿ. ಮ್ಯಾಟರ್ ಬೆಳಸಬ್ಯಾಡ. ಕೆದಕಾಕ ಹತ್ತಿದ್ರ ನೀಲ್‌ದು ಹೊರಗ ಬರ್ತದ. ನಿನಗೇನು, ರೂಢಿ ಐತಿ."

ಈ ಊರಿನ ಮೇಲೆ ನನಗೆ ತಾತ್ಸಾರ ಹುಟ್ಟಿದ್ದು ದಲಾಲನಿಂದಲ್ಲ, ಮಾಣಿಯಿಂದಲ್ಲ. ಅವರಿಗೆ ಗೊತ್ತಿರಲಿಲ್ಲ. ದೇಸಾಯರಿಗೆ ಗೊತ್ತಿತ್ತು. ಹಳಿಯಾಳ ಎಲ್ಲಿದೆ, ಸಿದ್ದಿ ಎಂದರೆ ಯಾರು, ಎಲ್ಲ ಗೊತ್ತಿತ್ತು.

"ನನಗ ರೂಢಿ ಇಲ್ರಿ" ಎಂದೆ. ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ನಾ ಕೂಡಂಗಿಲ್ಲ."

ನೀಲ್‌ಗೆ ಮಾತು ತಿಳಿಯಲಿಲ್ಲ, ಆದರೆ ತನ್ನ ಹೆಸರು ಕೇಳಿಸಿತ್ತು. ಏನೆಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನೇರ ವ್ಯವಸ್ಥಾಪಕನ ಮುಂದೆ ಹೋಗಿ, "ವಿದೇಶಿ ನಾನು, ಅವನಲ್ಲ" ಎಂದ.

"ಮಜಾಕ್ ಮತ್ ಕರ್" ಎಂದು ವ್ಯವಸ್ಥಾಪಕ ನಕ್ಕ. ಜನರೂ ನಕ್ಕರು. ನೀಲ್ ಫೋನಿನಲ್ಲಿ ತನ್ನ ಪಾಸ್‌ಪೋರ್ಟಿನ ಚಿತ್ರ ತೆಗೆದು ತೋರಿಸುವವರೆಗೂ ನಗುತ್ತಲೇ ಇದ್ದರು. ತೋರಿಸಿದ ಮೇಲೂ ಒಬ್ಬ ನನ್ನ ಕಡೆ ಬೆರಳು ಮಾಡಿ, "ಫಿರ್ ಯೇ ಕ್ಯಾ ಹೈ?" ಎಂದ. ಯಾರು ಎಂದಲ್ಲ, ಏನು ಎಂದು.

ನಮ್ಮ ತಂಡವನ್ನು ಹೊರಗೆ ಹಾಕಿದರು. ದೇಸಾಯರು ನನ್ನೊಡನೆ ಮಾತು ಬಿಟ್ಟರು. ಕನ್ನಡದವರೇ ಕನ್ನಡದವರ ಕಾಲೆಳೆಯುತ್ತಾರೆ ಎಂದು ಸಿಕ್ಕಸಿಕ್ಕಲ್ಲಿ ಭಾಷಣ ಮಾಡಿದರಂತೆ. ನೀಲ್ ವರ್ಷ ತುಂಬುವ ಮೊದಲೇ ಲಂಡನ್‌ಗೆ ಹೊರಟ. ನನ್ನ ಕೋಣೆಗೆ ಊಟಕ್ಕೆ ಬಂದಾಗ, "ಅಲ್ಲಿನ ಪಾಸ್‌ಪೋರ್ಟ್ ಬಿಟ್ಟುಕೊಟ್ಟರೆ ಅಮ್ಮನನ್ನು ನೋಡಲು ಅವಳ ಮನೆಗೆ ನಾನು ಅನುಮತಿ ಕೇಳಿಕೊಂಡು ಹೋಗಬೇಕು. ಆಗುವುದಿಲ್ಲ, ಗಣಪತಿ" ಎಂದ. ಶಾಂತವ್ವ ಅವನ ತಟ್ಟೆಗೆ ರೊಟ್ಟಿ ಹಾಕುತ್ತ, "ಪಾಪ, ನಮ್ಮ ಹುಡುಗ" ಎಂದಳು. ನನಗೆ ಹಾಕುವಾಗ ಏನೂ ಅನ್ನಲಿಲ್ಲ. ರೊಟ್ಟಿ ಮಾತ್ರ ಎರಡು ಹೆಚ್ಚು ಹಾಕಿದಳು.

ಈಗ ನಾನು ಕಚೇರಿಯ ತಂಡಕ್ಕೆ ಆಡುತ್ತೇನೆ. ಊರಿಗೆ ಹೋದರೆ ಮಾತಿನ ನಡುವೆ "ಅರೆ ಯಾರ್" ಎಂದುಬಿಡುತ್ತೇನೆ. ತಮ್ಮಂದಿರು ಅಣಕಿಸುತ್ತಾರೆ, ಅವ್ವ ನನಗೆ ಅತಿಥಿಗಳ ಲೋಟದಲ್ಲಿ ಚಹಾ ಕೊಡುತ್ತಾಳೆ. ಎರಡು ದಿನ ಕಳೆಯುವಷ್ಟರಲ್ಲಿ ಲೋಕಲ್‌ನ ಸದ್ದು ಬೇಕೆನಿಸುತ್ತದೆ, ಮತ್ತು ಹಾಗೆ ಅನಿಸಿದ್ದಕ್ಕೆ ಸಿಟ್ಟು ಬರುತ್ತದೆ.

ಹೋದ ತಿಂಗಳು ಮುಂಬೈ ಮತ್ತು ಬೆಂಗಳೂರು ತಂಡಗಳ ಪಂದ್ಯ ನೋಡಲು ಹೋಗಿದ್ದೆ. ಟಿಕೆಟ್ ಸಿಕ್ಕಿದ್ದು ಮುಂಬೈ ಅಭಿಮಾನಿಗಳ ನಡುವೆ. ಬೆಂಗಳೂರು ಗೋಲು ಹೊಡೆದಾಗ ಇಡೀ ಸ್ಟ್ಯಾಂಡಿನಲ್ಲಿ ಎದ್ದು ನಿಂತವನು ನಾನೊಬ್ಬನೇ. ಬೈಗುಳ ಕೇಳಿ ಕೂತೆ. ಸ್ವಲ್ಪ ಹೊತ್ತಿನಲ್ಲಿ ಮುಂಬೈ ಸಮ ಮಾಡಿತು. ನೋಡಿಕೊಂಡರೆ ಎಲ್ಲರಿಗಿಂತ ಮೊದಲು ಎದ್ದು ಕಿರುಚುತ್ತಿದ್ದವನೂ ನಾನೇ.

ಹಿಂದಿನ ಸಾಲಿನವನು ಬಗ್ಗಿ, "ಭಾಯ್, ತೂ ಕಿಸ್ ತರಫ್ ಹೈ?", ನೀನು ಯಾರ ಕಡೆ, ಎಂದು ಕೇಳಿದ. ನಾನು ಮೈದಾನದ ಕಡೆಯೇ ನೋಡುತ್ತಿದ್ದೆ. ನನಗೆ ಹಿಂದಿ ಬರುವುದಿಲ್ಲವೆಂದುಕೊಂಡು ಅವನು ಅದನ್ನೇ ಇಂಗ್ಲಿಷಿನಲ್ಲಿ, ನಿಧಾನವಾಗಿ ಬಿಡಿಸಿ ಕೇಳಿದ. ಇನ್ನೂ ಆಟ ಬಾಕಿಯಿತ್ತು. ನಾನು ಕೂರಲಿಲ್ಲ.