ಅಮ್ಮ ಮೇಕೆ ಯಾಕೆ ಹೋಯಿತು?

ಕತೆಗಾರ್ತಿ ಎಂದು ನನ್ನನ್ನು ನಾನು ಕರೆದುಕೊಂಡದ್ದು ಒಂದೇ ಸಲ. ಚಿತ್ರದುರ್ಗದಲ್ಲಿ ನಡೆದ ಕಥಾಕಮ್ಮಟವೊಂದರ ಅರ್ಜಿಯಲ್ಲಿ 'ವೃತ್ತಿ' ಎಂಬುದರ ಮುಂದೆ ಹಾಗೆ ಬರೆದೆ. ಬರೆದ ಮರುಕ್ಷಣ ನಾಚಿಕೆಯಾಗಿ ಹೊಡೆದುಹಾಕಿ, ಪಕ್ಕದಲ್ಲಿ 'ನರ್ಸ್' ಎಂದು ತಿದ್ದಿದೆ. ಗೆರೆಯ ಅಡಿಯಲ್ಲಿ ಮೊದಲಿನದು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಇನ್ನೊಂದು ಗೆರೆ ಎಳೆಯಲು ಮನಸ್ಸಾಗಲಿಲ್ಲ.

ಕಮ್ಮಟ ಎರಡು ದಿನದ್ದು. ಮೊದಲ ದಿನ ಮಕ್ಕಳ ಕತೆ, ಎರಡನೆಯ ದಿನ ದೊಡ್ಡವರ ಕತೆ. ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಬೇರೆ, ದೊಡ್ಡವರ ವಾರ್ಡು ಬೇರೆ ಇರುವ ಹಾಗೆ. ಮಕ್ಕಳ ಕತೆಯಲ್ಲಿ ಪ್ರಾಣಿ, ಸಾಹಸ, ಕೊನೆಗೊಂದು ನೀತಿ ಇರಬೇಕು, ದೊಡ್ಡವರ ಕತೆಯಲ್ಲಿ ಒಳತೋಟಿ ಇರಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಚಳ್ಳಕೆರೆಗೆ ವಾಪಸಾದೆ. ಒಂದೇ ತಿಂಗಳಲ್ಲಿ ಎರಡೂ ಬಗೆಯದನ್ನು ಬರೆದು ಮುಗಿಸಿದೆ. ಮಕ್ಕಳ ಕತೆಯ ನಾಯಕ ಊಟಕ್ಕೆ ಮುಂಚೆ ಕೈತೊಳೆಯುವ ಇರುವೆ. ಅದಕ್ಕೆ ಆರು ಕಾಲಾದ್ದರಿಂದ ತೊಳೆಯುವುದಕ್ಕೇ ಒಂದೂವರೆ ಪುಟ ಹಿಡಿಯಿತು. ದೊಡ್ಡವರ ಕತೆಯಲ್ಲಿ ಹೆಂಗಸೊಬ್ಬಳು ನಾಲ್ಕು ಪುಟ ಕಿಟಕಿಯ ಬಳಿ ನಿಂತಿರುತ್ತಾಳೆ. ಆಕೆಗೆ ಏನಾಗಿದೆ ಎಂಬುದು ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಒಳತೋಟಿ ಮಾತ್ರ ಯಥೇಚ್ಛವಾಗಿತ್ತು. ಹತ್ತನೆಯ ತರಗತಿಯಲ್ಲಿರುವ ಅಣ್ಣನ ಮಗಳು ಎರಡನ್ನೂ ಓದಿ, ಇರುವೆಯದನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಬಹುದು ಎಂದಳು. ಕಿಟಕಿಯದರ ಬಗ್ಗೆ ಏನೂ ಹೇಳಲಿಲ್ಲ. ದೊಡ್ಡವಳಾಗುತ್ತಿದ್ದಾಳೆ.

ನಾನು ಕೆಲಸ ಮಾಡುವುದು ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ, ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯಲ್ಲಿ. ದಿನಾ ಬೆಳಿಗ್ಗೆ ಚಳ್ಳಕೆರೆಯಿಂದ ಬಸ್ಸು. ಕಮ್ಮಟವಾಗಿ ಮೂರು ತಿಂಗಳಿಗೆ ಆ ಕೋಣೆಗೆ ಶ್ರಾವಣಿ ಎಂಬ ಆರು ವರ್ಷದ ಹುಡುಗಿ ಬಂದಳು. ಅವರದು ರೇಷ್ಮೆ ಸೀರೆ ನೇಯುವ ಮನೆ. ನೂಲಿಗೆ ಬಣ್ಣ ಹಾಕಲು ಕಾಯಿಸಿದ್ದ ನೀರಿನ ಪಾತ್ರೆ ಮಗುಚಿ ಅವಳ ಬಲಗೈ ಬೆರಳ ತುದಿಯವರೆಗೂ ಬೆಂದಿತ್ತು. ಅಂಥ ಗಾಯಕ್ಕೆ ದಿನವೂ ಪಟ್ಟಿ ಬಿಚ್ಚಿ, ತೊಳೆದು, ಮುಲಾಮು ಹಚ್ಚಿ, ಒಂದೊಂದು ಬೆರಳಿಗೂ ಬೇರೆ ಬೇರೆ ಪಟ್ಟಿ ಸುತ್ತಬೇಕು. ಮನೆಯಲ್ಲಿ ಆಗಾಗ ಬೆರಳುಗಳನ್ನು ಮಡಚಿಸಿ ಬಿಡಿಸುತ್ತಿರಬೇಕು. ಇಲ್ಲದಿದ್ದರೆ ಗಾಯ ಮಾಯ್ದರೂ ಬೆರಳು ಸೆಟೆದು ನಿಂತುಬಿಡುತ್ತದೆ. ಮೊದಲ ದಿನ ಅವಳು ಕೂಗಿದ ಕೂಗಿಗೆ ಹೊರಗೆ ಚೀಟಿಗೆ ನಿಂತವರಲ್ಲಿ ಇಬ್ಬರು, ತಮಗೆ ಈಗ ಪರವಾಗಿಲ್ಲ ಎಂದು ಮನೆಗೆ ಹೋದರಂತೆ.

ಎರಡನೆಯ ದಿನ ಬೇರೆ ದಾರಿ ಕಾಣದೆ ಕತೆ ಶುರುಮಾಡಿದೆ. ಇರುವೆಯನ್ನು ಹೊರಗೆ ತೆಗೆಯುವ ಧೈರ್ಯವಾಗಲಿಲ್ಲ. ಒಂದಾನೊಂದು ಊರಿನಲ್ಲಿ ಒಂದು ಮೇಕೆಮರಿ ಇತ್ತು ಎಂದೆ.

"ಯಾವೂರು?" ಎಂದಳು.

ಕಮ್ಮಟದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ದೊಡ್ಡಉಳ್ಳಾರ್ತಿ ಎಂದುಬಿಟ್ಟೆ. ಅಲ್ಲಿ ದನಕುರಿ ಮೇಯುವ ಹುಲ್ಲಿನ ಕಾವಲು ಇರುವುದರಿಂದ ಮೇಕೆಗೂ ಅನುಕೂಲ. ಊರಿಗೊಂದು ಹೆಸರು ಬಂದದ್ದೇ ಅಳು ಅರ್ಧಕ್ಕಿಳಿಯಿತು. ಮರಿಗೆ ಒಬ್ಬಳು ಅವ್ವ ಇದ್ದಳು ಎಂದಾಗ ಇನ್ನೊಂದು ತೊಡಕು. ನಮ್ಮ ಮಾತಿನಲ್ಲಿ ಅವ್ವ ಎಂದರೆ ತಾಯಿ, ಅವರ ಮನೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಹಾಗಾದರೆ ಅಮ್ಮ ಎಲ್ಲಿ, ಅಪ್ಪ ಎಲ್ಲಿ ಎಂದು ಹುಡುಗಿ ಮೇಕೆಯ ವಂಶವನ್ನೆಲ್ಲ ವಿಚಾರಿಸತೊಡಗಿದಳು. ಕೊನೆಗೆ 'ಅಮ್ಮ ಮೇಕೆ' ಎಂದು ಇಬ್ಬರೂ ಒಪ್ಪಿಕೊಂಡೆವು.

ಕನ್ನಡದಲ್ಲಿ ಒಂದು ದೊಡ್ಡ ಸೌಕರ್ಯವಿದೆಯೆಂದು ನನಗೆ ಗೊತ್ತಾದದ್ದು ಆ ದಿನಗಳಲ್ಲೇ. ಮರಿ ಎದ್ದು, ಕಿವಿ ಕೊಡವಿ, ಬೇಲಿ ಹಾರಿ, ಆ ಕಡೆ ನೋಡಿ, ಈ ಕಡೆ ನೋಡಿ ಎಂದು ಎಷ್ಟು ದೂರ ಬೇಕಾದರೂ ಹೋಗಬಹುದು. ವ್ಯಾಕರಣದಲ್ಲಿ ಇವಕ್ಕೆ ಕೃದಂತಾವ್ಯಯ ಎಂದು ಹೆಸರು. ಹೈಸ್ಕೂಲಿನಲ್ಲಿ ಅದಕ್ಕೆ ಉದಾಹರಣೆ ಕೊಡಲಾರದೆ ನಾನು ಅಂಕ ಕಳೆದುಕೊಂಡಿದ್ದೆ. ಕ್ರಿಯಾಪದ ಬರುವವರೆಗೆ ವಾಕ್ಯ ಮುಗಿಯುವುದಿಲ್ಲ, ವಾಕ್ಯ ಮುಗಿಯುವವರೆಗೆ ಕೇಳುವವರು ಅಳಲಾರರು. ಅಷ್ಟರಲ್ಲಿ ಒಂದು ಬೆರಳಿನ ಪಟ್ಟಿ ಬಿಚ್ಚಿಯಾಗಿರುತ್ತಿತ್ತು. ಕ್ರಿಯಾಪದ ಬಿದ್ದ ಕೂಡಲೆ "ತರ್ವಾತ?" ಎನ್ನುತ್ತಿದ್ದಳು. ಆಮೇಲೆ ಏನು, ಎಂದು.

ಐದನೆಯ ದಿನ ಹೆಮ್ಮೆಯಿಂದ ನನಗೆ ಸ್ವಲ್ಪ ತಲೆ ತಿರುಗಿತ್ತೆಂದು ಕಾಣುತ್ತದೆ. ಮಕ್ಕಳ ಕತೆಯಲ್ಲಿ ಮೊದಲು ತಾಯಿಯನ್ನು ಆಚೆ ಕಳಿಸಬೇಕು. ಅವಳು ಪಕ್ಕದಲ್ಲೇ ಇದ್ದರೆ ಯಾವ ಮರಿಗೂ ಏನೂ ಆಗುವುದಿಲ್ಲ, ಏನೂ ಆಗದಿದ್ದರೆ ಕತೆಯಿಲ್ಲ. ಹಾಗಾಗಿ ಅಮ್ಮ ಮೇಕೆ ಮರಿಯನ್ನು ಬಿಟ್ಟು ಎಲ್ಲಿಗೋ ಹೋಯಿತು, ಮರಿ ಜಾಲಿಮುಳ್ಳಿನ ಪೊದೆಯಲ್ಲಿ ಸಿಕ್ಕಿಬಿತ್ತು ಎಂದೆ. ಪಟ್ಟಿಯ ಕೊನೆಯ ಸುತ್ತು ಸುತ್ತುವಾಗ ಕಮ್ಮಟದ ನೆನಪಾಗಿ, ಮರಿಯ ಮೇಲೆ ನಿಗಾ ಇಡದ ತಾಯಿಗೆ ಹೀಗೇ ಆಗುವುದು ಎಂದು ನೀತಿಯನ್ನೂ ಸೇರಿಸಿದೆ. ಶ್ರಾವಣಿಯ ತಾಯಿ ರಮಾದೇವಿ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ದಿನವೂ ಅಲ್ಲೇ ಕೂರುತ್ತಿದ್ದಳು, ಮಾತಿಲ್ಲ. ಅವಳೂ ಕತೆ ಕೇಳುತ್ತಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಮಗುವನ್ನು ಅಜ್ಜಿ ಕರೆತಂದರು. ಅದರ ಮರುದಿನವೂ ಅಜ್ಜಿಯೇ. ಮೂರನೆಯ ದಿನ ಬೆರಳು ಮಡಚಿಸಲು ಹೋದರೆ ಬಿಗಿದುಕೊಂಡಿದ್ದವು. ಮನೆಯಲ್ಲಿ ಯಾರೂ ಮಡಚಿಸುತ್ತಿಲ್ಲವೆಂದು ಡಾಕ್ಟರು ಗದರಿದರು. ಅಜ್ಜಿಗೆ ಮಗು ಅತ್ತರೆ ಕೈ ನಡುಗುತ್ತದಂತೆ. ತಾಯಿ ಎಲ್ಲಿ ಎಂದು ಕೇಳಿದೆ. ಅಜ್ಜಿ ಕೈ ಬೆಂದ ದಿನದಿಂದ ಶುರುಮಾಡಿದರು. ಅಂದು ಮಗ್ಗದಲ್ಲಿ ಎಳೆ ಕಡಿಯಿತೆಂದು ಗಂಡ ಕರೆದಾಗ ರಮಾದೇವಿ ಪಾತ್ರೆಯನ್ನು ನೆಲಕ್ಕಿಟ್ಟು ಒಳಗೆ ಹೋಗಿದ್ದಳಂತೆ. ಎರಡು ನಿಮಿಷವೂ ಆಗಿರಲಿಲ್ಲವಂತೆ.

"ಮನೇಲಿ ಯಾರೂ ಒಂದ್ಮಾತು ಅಂದಿಲ್ಲಮ್ಮ ಅವಳಿಗೆ," ಎಂದರು ಅಜ್ಜಿ. "ನಿಮ್ಮ ಮೇಕೆ ಕತೆ ಕೇಳಿ ಬಂದಾಗಿಂದ ನಾನ್ ಬರಲ್ಲ ಅಂತಾಳೆ. ಸಿಸ್ಟರ್ ನಂಗೇ ಅಂದಿದ್ದು ಅಂತಾಳೆ. ಮಗೂನ ಮುಟ್ಟಾಕೂ ಹೆದರ್ತಾಳೆ."

ನನ್ನ ಕತೆ ಒಬ್ಬರನ್ನಾದರೂ ತಟ್ಟಬೇಕೆಂದು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದೆ. ತಟ್ಟಿತ್ತು. ನಾನು ಹಾಗೆ ಅಂದದ್ದಲ್ಲ ಎಂದು ಅಜ್ಜಿಯ ಕೈಲಿ ಹೇಳಿಕಳಿಸಿದೆ. ಅಂಥ ಮಾತನ್ನು ಯಾರು ನಂಬುತ್ತಾರೆ?

ಮರುದಿನ ಕತೆಯನ್ನೇ ತಿದ್ದಲು ಹೊರಟೆ. ಮರಿಯನ್ನು ಬಿಟ್ಟು ಹೋದದ್ದು ಅಮ್ಮ ಮೇಕೆ ಅಲ್ಲ, ಅವ್ವ ಮೇಕೆ ಎಂದೆ. ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ಕೈಯಲ್ಲಿದ್ದ ಇಕ್ಕಳ ಜಾರಿತು. ಶ್ರಾವಣಿಯೂ ಬಿಡಲಿಲ್ಲ.

"ನೀವು ಅಮ್ಮ ಅಂದ್ರಿ."

ಅಮ್ಮ ಹೋಗಲೇ ಇಲ್ಲ ಅಂದರೆ ಆಗುವುದಿಲ್ಲವೇ ಎಂದು ಗೋಗರೆದೆ. ಹೋಯಿತು, ನೀವೇ ಹೇಳಿದಿರಿ, ಎಂದಳು. ಸಂಪಾದಕರಾದರೂ ಇಷ್ಟು ಕಟ್ಟುನಿಟ್ಟಾಗಿರಲಾರರು. ಅಮ್ಮ ಮೇಕೆ ಹೋದದ್ದು ಹೋದದ್ದೇ. ಯಾಕೆ ಹೋಯಿತು ಎಂಬುದೊಂದು ಮಾತ್ರ ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ನಾನು ಹೇಳಿರಲಿಲ್ಲ, ನಿಜ ಹೇಳಬೇಕೆಂದರೆ ಯೋಚಿಸಿಯೂ ಇರಲಿಲ್ಲ. ಕತೆಗೆ ಅನುಕೂಲವಾಗಲಿ ಎಂದು ಒಬ್ಬ ತಾಯಿಯನ್ನು ಎಲ್ಲಿಗೋ ತಳ್ಳಿ ಸುಮ್ಮನಿದ್ದೆ.

ಮರುದಿನ ಬಸ್ಸಿನಲ್ಲಿ ಇದೇ ಚಿಂತೆ. ತಳಕಿನಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸು ತಾನು ಮೇಕೆ ಸಾಕಿದವಳೆಂದು ಮಾತಿನ ನಡುವೆ ಹೇಳಿದಳು. ನಾಚಿಕೆ ಬಿಟ್ಟು ಕೇಳಿದೆ: ಮೇಕೆ ತನ್ನ ಮರಿಯನ್ನು ಬಿಟ್ಟು ಹೋಗುತ್ತದೆಯೇ? ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೇಯಾಕೆ ಹೋಗ್ದಿದ್ರೆ ಕೆಚ್ಚಲಿಗೆ ಹಾಲು ಎಲ್ಲಿಂದ ಬರ್ತೈತಕ್ಕ?"

ಈಗೀಗ ಕಾವಲಿಗೆ ನೇರ ನುಗ್ಗುವಂತಿಲ್ಲ, ಸರ್ಕಾರದವರ ಗೋಡೆ ಎದ್ದಿದೆ, ಸುತ್ತುಹಾಕಿ ಹೋಗಬೇಕು, ಬರುವುದು ಹೊತ್ತಾಗುತ್ತದೆ ಎಂದೂ ಸೇರಿಸಿದಳು. ಇಳಿಯುವಾಗ, ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವೇ ಎಂಬಂತೆ ಒಮ್ಮೆ ತಿರುಗಿ ನೋಡಿದಳು.

ಅಂದು ಶ್ರಾವಣಿಗೆ ಹೇಳಿದೆ. ಬೇಸಿಗೆ. ಅಮ್ಮ ಮೇಕೆಯ ಕೆಚ್ಚಲು ಒಣಗಿತ್ತು. ಮರಿ ಎಷ್ಟು ಚೀಪಿದರೂ ಹಾಲಿಲ್ಲ. ಅದಕ್ಕೇ ಮರಿ ನಿದ್ದೆ ಹೋದದ್ದು ನೋಡಿ, ಎದ್ದು, ಗೋಡೆ ಸುತ್ತಿ, ಎಲ್ಲೋ ಉಳಿದ ಒಂದು ಹಿಡಿ ಹಸಿರು ಹುಡುಕಿ, ಬೇಗ ಬೇಗ ಮೇಯ್ದು, ವಾಪಸ್ ಓಡಿಬರುತ್ತಿತ್ತು. ಹುಡುಗಿ ಸ್ವಲ್ಪ ಯೋಚಿಸಿ, ಹಾಗಾದರೆ ಅದು ಮರಿಗೋಸ್ಕರವೇ ಹೋಗಿದ್ದು ಎಂದಳು. ತೂಕಡಿಸುತ್ತಿದ್ದ ಅಜ್ಜಿ ನೆಟ್ಟಗೆ ಕೂತರು. ಆ ಗೋಡೆ ಎಷ್ಟುದ್ದ, ಅದಕ್ಕೆ ಬಾಗಿಲಿಲ್ಲವೇ ಎಂದು ವಿಚಾರಿಸಿದರು. ಸಂಜೆ ಮನೆಯಲ್ಲಿ ಇದನ್ನೆಲ್ಲ ತೆಲುಗಿನಲ್ಲಿ ಸೊಸೆಗೆ ಹೇಳಿದರಂತೆ. ಅಜ್ಜಿಯ ಕತೆಯಲ್ಲಿ ಗೋಡೆ ನನ್ನದಕ್ಕಿಂತ ಉದ್ದವಿತ್ತೆಂದು ಆಮೇಲೆ ತಿಳಿಯಿತು.

ಎರಡು ದಿನ ಬಿಟ್ಟು ರಮಾದೇವಿ ಬಂದಳು. ಸ್ಟೂಲಿನ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ನಿಂತಳು. ನಾನು ಏನೂ ಆಗದವಳ ಹಾಗೆ ಪಟ್ಟಿ ಬಿಚ್ಚುತ್ತಾ ಅಮ್ಮ ಮೇಕೆಯನ್ನು ಮುಳ್ಳಿನ ಪೊದೆಯವರೆಗೆ ತಂದೆ. ಮರಿ ಹೊರಬಂತು. ಆಗ ಬಾಗಿಲಿನಿಂದ ಸಣ್ಣ ದನಿ ಕೇಳಿಸಿತು.

"ಮರಿ ಅಮ್ಮನ್ನ ಬೈತಾ ಸಿಸ್ಟರ್?"

ನನ್ನ ಬಳಿ ಎರಡು ಮೂರು ಒಳ್ಳೊಳ್ಳೆ ವಾಕ್ಯಗಳಿದ್ದವು. ಜೀವನದಲ್ಲಿ ಮೊದಲ ಸಲ ಅವನ್ನು ನುಂಗಿಕೊಂಡು, ಶ್ರಾವಣಿಯ ಮುಖ ನೋಡಿದೆ.

"ಯಾಕ್ ಬೈತೈತೆ?" ಎಂದಳು ಅವಳು. "ಅದಕ್ಕೆ ಹಸಿವಾಗಿತ್ತು. ಹಾಲು ಕುಡೀತು."

ರಮಾದೇವಿ ಹತ್ತಿರ ಬಂದಳು. ಬೆರಳು ಹೇಗೆ ಮಡಚಿಸಬೇಕು, ಇನ್ನೊಂದು ಸಲ ತೋರಿಸಿ ಎಂದಳು. ತೋರಿಸಿದೆ. ಮಗು ಅತ್ತಿತು, ತಾಯಿಯೂ ಅತ್ತಳು, ಆದರೆ ಕೈ ಬಿಡಲಿಲ್ಲ. ಅದಾದ ಮೇಲೆ ದಿನವೂ ಅವಳೇ ಮಾಡಿಸಿದಳು. ಈಗ ಶ್ರಾವಣಿ ಮುಷ್ಟಿ ಕಟ್ಟುತ್ತಾಳೆ. ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಬರೆದ ಅಕ್ಷರಗಳು ಸ್ವಲ್ಪ ಎಡಕ್ಕೆ ವಾಲುತ್ತವೆ.

ಈ ಕತೆಯನ್ನು ಬರೆದು ಮಕ್ಕಳ ಪತ್ರಿಕೆಯೊಂದಕ್ಕೆ ಕಳಿಸಿದೆ. ಇದು ದೊಡ್ಡವರಿಗೆ ಸರಿ ಎಂದು ಹಿಂತಿರುಗಿಸಿದರು. ದೊಡ್ಡವರ ಪತ್ರಿಕೆಗೆ ಕಳಿಸಿದೆ. ಮೇಕೆ ಇರುವುದರಿಂದ ಮಕ್ಕಳ ಪತ್ರಿಕೆಗೆ ಕಳಿಸಿ ಎಂದರು.

ಮೊನ್ನೆ ಸಕ್ಕರೆ ಕಾಯಿಲೆಯ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ತಿಪ್ಪೇಸ್ವಾಮಪ್ಪ ಎಂಬ ಅಜ್ಜ ಬಂದಿದ್ದರು. ಮಂಚಕ್ಕೆ ಕಾಲು ನೀಡಿದವರು, ಇಲ್ಲಿ ಕತೆ ಹೇಳುತ್ತಾರಂತಲ್ಲ, ತಮಗೂ ಒಂದು ಹೇಳಬೇಕು ಎಂದರು. ನಾನು ಕೈಗವಸು ಹಾಕಿಕೊಳ್ಳುತ್ತಾ, ಯಾವುದು ಹೇಳಲಿ, ಮಕ್ಕಳದೋ ದೊಡ್ಡವರದೋ ಎಂದು ಕೇಳಿದೆ. ಅಜ್ಜ ತಮ್ಮ ಕಾಲನ್ನೊಮ್ಮೆ, ನನ್ನ ಕತ್ತರಿಯನ್ನೊಮ್ಮೆ ನೋಡಿದರು.

"ನೀನು ಶುರು ಮಾಡಮ್ಮ," ಎಂದರು. "ನಾನು ಚಿಕ್ಕೋನೋ ದೊಡ್ಡೋನೋ ಆಮೇಲೆ ನೋಡಾಣ."