ಬೀಡಿ ಟೆಂಪೊದಲ್ಲಿ ಬರುವ ಬೆಕ್ಕಿನ ಮರಿಗಳು

ನಿಪ್ಪಾಣಿಯ ತಂಬಾಕು ಗೋದಾಮುಗಳ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಸೇನಮಿಯಾ ತಮ್ಮ ಟೆಂಪೊದ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿಯುತ್ತಾರೆ. ನಿಲ್ಲಿಸಿ ಕಿವಿಗೊಡುತ್ತಾರೆ. ಮತ್ತೆ ಬಡಿಯುತ್ತಾರೆ. ಮೊಣಕಾಲೂರಿ ಚಕ್ರಗಳ ಹಿಂದೆ ಮೊಬೈಲಿನ ಬೆಳಕು ಬಿಡುತ್ತಾರೆ. ಈ ಚಳಿಯಲ್ಲಿ ಬೆಕ್ಕಿನ ಮರಿಗಳು ಹಿಂದಿನ ದಿನದ ಬಿಸಿ ಉಳಿದ ಇಂಜಿನ್ನಿನ ಸಂದಿ ಹುಡುಕಿ ಮಲಗುತ್ತವೆ. ಇಷ್ಟು ನೋಡದೆ ಕೀಲಿ ತಿರುಗಿಸಲು ಅವರಿಗೆ ಕೈ ಬರುವುದಿಲ್ಲ.

"ಮಾಮಾ, ಗಾಡಿ ಪೂಜಾ ಮುಗೀತೇನು?" ಎಂದು ಗೋದಾಮಿನ ಬಾಗಿಲಿನಿಂದ ಕೂಗುತ್ತಾನೆ ಹಮಾಲರ ಮೇಲ್ವಿಚಾರಕ, ಮುಕಾದಮ ಸಮಾಧಾನ. "ಇವತ್ತ ಅದನ್ನ ಒಯ್ಯಲಿಲ್ಲಂದ್ರ ನಾ ಜಿಮ್ಮೇದಾರ ಅಲ್ಲ ನೋಡು. ಸಂಜಿ ಅನ್ನೂದ್ರಾಗ ಗೋದಾಮ ಪೂರಾ ಖಾಲಿ. ಲಾರಿ ಬರ್ತಾವ, ಹಮಾಲರು ಬರ್ತಾರ. ಯಾರ ಕಾಲಾಗ ಸಿಗತೈತೋ ಏನೋ."

"ಒಯ್ತೇನಪಾ, ಒಯ್ತೇನಿ. ಹೆಸರ ನೋಡಿದ್ರ ಸಮಾಧಾನ, ಹೊತ್ತ ಹೊಂಡೂದ್ರಾಗ ಜೀವಾ ತಿಂತೀ."

'ಅದು' ಎಂದರೆ ಬೂದು ಬಣ್ಣದ ಒಂದು ಹೆಣ್ಣು ಮರಿ. ತಂಬಾಕಿನ ಬೋದುಗಳ, ಅಂದರೆ ದೊಡ್ಡ ಮೂಟೆಗಳ, ಹಿಂದೆ ಹುಟ್ಟಿದ ನಾಲ್ಕರಲ್ಲಿ ಉಳಿದದ್ದು ಇದೊಂದೇ. ಮಿಕ್ಕ ಮೂರು ಗಂಡು. ಅವಕ್ಕೆ ಬೇಗ ಮನೆ ಸಿಕ್ಕಿತು. "ಹೆಣ್ಣ ಮರಿ ಅಂದ ಕೂಡ್ಲೆ ಮಂದಿ ಮಾರಿ ತಿರಗಸ್ತಾರ್ರಿ, ಮತ್ತ ಮರಿ ಹಾಕತೈತಿ ಅಂತ. ಆಪರೇಷನ್ ನಾ ಮಾಡಸ್ತೇನಿ ಅಂದ್ರೂ ನಂಬಂಗಿಲ್ಲ" ಎನ್ನುತ್ತಾರೆ ಹುಸೇನಮಿಯಾ. ಹೊಸ ಫಸಲು ಬರುವ ಮುಂಚೆ ಗೋದಾಮು ಖಾಲಿ ಮಾಡಿ ತೊಳೆಯುತ್ತಾರೆ. ದೊಡ್ಡ ಬೆಕ್ಕು ಹೇಗೋ ತಪ್ಪಿಸಿಕೊಳ್ಳುತ್ತದೆ. ಮರಿಗೆ ಮಾತ್ರ ಇವತ್ತೇ ಮನೆ ಬೇಕು.

ಹುಸೇನಮಿಯಾ ಬೀಡಿ ಕಾರ್ಖಾನೆಯೊಂದರ ಟೆಂಪೊ ಚಾಲಕ. ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ, ರಾಯಬಾಗ ದಾಟಿ, ಕೃಷ್ಣೆಯ ಸೇತುವೆ ಹಾದು ಉಗಾರ, ಶೇಡಬಾಳ, ಕಾಗವಾಡ, ಕೊನೆಗೆ ಅಥಣಿಯ ಕಡೆಯ ಹಳ್ಳಿಗಳವರೆಗೆ ಅವರ ಸುತ್ತು. ಮನೆಮನೆಗೆ ಎಲೆ, ತಂಬಾಕು ಕೊಟ್ಟು, ಹೆಂಗಸರು ಕಟ್ಟಿಟ್ಟ ಬೀಡಿ ತರುವ ಕೆಲಸ. ಮೊದಲು ವಾರದಲ್ಲಿ ಐದು ದಿನ ಗಾಡಿ ಹೋಗುತ್ತಿತ್ತು, ಈಗ ಎರಡೇ ದಿನ. ಬೀಡಿ ಕಟ್ಟುವವರು ಕಡಿಮೆಯಾಗಿದ್ದಾರೆ. ತಂದೆ ಇದೇ ಗಲ್ಲಿಯಲ್ಲಿ ಹಮಾಲಿ ಮಾಡಿ ಕೆಮ್ಮಿ ಕೆಮ್ಮಿ ಹೋದರು. ಇವರು ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಗಾಡಿ ತೊಳೆಯಲು ಬಂದವರು. ಕನ್ನಡ ಕಲಿತದ್ದು ಇದೇ ದಾರಿಯಲ್ಲಿ, ಬೀಡಿ ಕಟ್ಟುವ ಹೆಂಗಸರ ಬೈಗುಳ ಕೇಳುತ್ತಾ.

ಮರಿಗಳ ಕೆಲಸ ಹೇಗೆ ಗಂಟುಬಿತ್ತು ಎಂದು ಕೇಳಿದರೆ ಅವರು ಬಾನೆಟ್ಟಿನ ಕಡೆ ಒಮ್ಮೆ ನೋಡುತ್ತಾರೆ. "ಒಂದ ಸಲ ಬಡೀಲಿಲ್ರಿ. ಅರ್ಜೆಂಟ್ ಇತ್ತು. ಕೀಲಿ ತಿರಗಿಸಿದೆ." ಇಷ್ಟು ವರ್ಷಗಳಲ್ಲಿ ಎಷ್ಟು ಮರಿಗಳಿಗೆ ಮನೆ ಹುಡುಕಿದ್ದೀರಿ ಎಂಬ ಪ್ರಶ್ನೆಯೂ ಅವರಿಗೆ ಹಿಡಿಸುವುದಿಲ್ಲ. "ಎಣಿಸಾಕ ಕುಂತ್ರ ಸತ್ತೂವೂ ನೆನಪಾಗ್ತಾವು. ಬಿಡ್ರಿ ಅದನ್ನ."

ಕಾರ್ಖಾನೆಯ ಹೆಸರು, ಅವರ ಗಲ್ಲಿಯ ಹೆಸರು ಈ ಬರಹದಲ್ಲಿ ಇಲ್ಲ. ಅವರೇ ಬೇಡವೆಂದರು. ಹಿಂದೆ ಯಾರೋ ಮೊಬೈಲಿನಲ್ಲಿ ಅವರ ಫೋಟೊ ಹಂಚಿದಾಗ, ಬೆಳಗಾಗುವುದರಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಕಣ್ಣು ಬಿಡದ ಮರಿಗಳ ಡಬ್ಬಿಗಳು ಬಂದು ಕೂತಿದ್ದವಂತೆ. ತಾಯಿಯಿಂದ ಕಿತ್ತು ತಂದವು; ಹೆಚ್ಚಿನವು ಬದುಕಲಿಲ್ಲ. ಇದನ್ನು ಬರೆಯುವುದರಿಂದಲೂ ಅಂಥದ್ದೇ ಆದೀತೇ ಎಂಬ ಅಳುಕು ಇದ್ದೇ ಇದೆ. ಹಾಗಾಗಿ ಅವರು ಹೇಳಿದ್ದನ್ನೇ ಹೇಳುತ್ತೇನೆ: ಎರಡು ತಿಂಗಳು ತುಂಬಿ ತಾನಾಗಿ ತಿನ್ನುವ ತನಕ ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡಿ. ಡಬ್ಬಿಯಲ್ಲಿಟ್ಟು ಯಾರ ಬಾಗಿಲಿಗೂ ಬಿಡಬೇಡಿ.

ಅವರ ಪದ್ಧತಿ ಅವರ ಉದ್ಯೋಗದಿಂದಲೇ ಬಂದದ್ದು. ವಾರವಾರ ಗಾಡಿ ಹೋಗುವ ದಾರಿಯಲ್ಲಷ್ಟೇ ಮರಿ ಕೊಡುತ್ತಾರೆ, ಮತ್ತೆ ನೋಡಲು ಆಗಬೇಕಲ್ಲ. ಆದರೆ ಬೀಡಿ ಕಟ್ಟುವ ಮನೆಗೆ ಕೊಡುವುದಿಲ್ಲ. ಮೊರದ ತುಂಬ ತಂಬಾಕು ಹರವಿಕೊಂಡಿರುತ್ತಾರೆ. ಮರಿ ಅದರಲ್ಲಿ ಹೊರಳುತ್ತದೆ, ಮೈ ನೆಕ್ಕಿಕೊಳ್ಳುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಅಂದರೆ ಅವರಿಗೆ ಚೆನ್ನಾಗಿ ಗೊತ್ತಿರುವ ಮನೆಗಳೇ ಲೆಕ್ಕಕ್ಕಿಲ್ಲ. ಸ್ವಂತ ಮನೆಯೂ ಇಲ್ಲ: ಹೆಂಡತಿ ಹಾಜಿರಾಬಿ ಹಗಲೆಲ್ಲ ಬೀಡಿ ಕಟ್ಟುತ್ತಾರೆ. ಇಷ್ಟು ಮರಿಗಳನ್ನು ಸಾಗಿಸಿದ ಮನುಷ್ಯನ ಮನೆಯಲ್ಲಿ ಒಂದು ಬೆಕ್ಕಿಲ್ಲ. ಗೋದಾಮಿನಲ್ಲಿ ಹುಟ್ಟಿದವನ್ನೂ ಮೊದಲ ವಾರದಲ್ಲೇ ತಾಯಿ ಸಮೇತ ವಾಚಮನ್‌ನ ತಗಡಿನ ಕೋಣೆಗೆ ತಂದು, ತಮ್ಮ ಹಳೆಯ ಲುಂಗಿ ಹಾಸುತ್ತಾರೆ. ಅಲ್ಲಿಂದಲೂ ಈ ಬೂದು ಮರಿ ನುಸುಳಿ ಬೋದುಗಳತ್ತಲೇ ಹೋಗುತ್ತದೆ ಎಂಬುದು ಅವರ ಗೋಳು.

ಬೂದು ಮರಿಗೆ ಅವರು ನೋಡಿಟ್ಟ ಮನೆ ಉಗಾರ ಬುದ್ರುಕದಲ್ಲಿದೆ. ಸೊಸೆ ದ್ರೌಪದಿ, ಅತ್ತೆ ಲಗಮವ್ವ. ಮೊದಲು ಇಬ್ಬರೂ ಬೀಡಿ ಕಟ್ಟುತ್ತಿದ್ದರು. ದ್ರೌಪದಿಯ ಬೆನ್ನುನೋವಿಗೆ ಬಿಟ್ಟು ನಾಲ್ಕು ವರ್ಷವಾಯಿತು. ಈಗ ಕಬ್ಬು, ಎರಡು ಎಮ್ಮೆ, ಹಿಟ್ಟಿನ ಡಬ್ಬಿಗೆ ಬಾಯಿ ಹಾಕುವ ಇಲಿಗಳು. ಹೋದ ವಾರವೇ ಹುಸೇನಮಿಯಾ ಮನೆ ನೋಡಿ ಬಂದಿದ್ದಾರೆ. ನಾಯಿ ಇಲ್ಲ, ಬಾವಿಯ ಬಾಯಿಗೆ ಜಾಲರಿ ಇದೆ, ಅತ್ತೆ ಸೊಸೆ ಇಬ್ಬರೂ ಹೂಂ ಅಂದಿದ್ದಾರೆ. "ಒಬ್ಬರ ಹೂಂ ಅಂದ್ರ ಕೊಡಂಗಿಲ್ರಿ. ಸೊಸಿ ತರ್ತಾಳ, ಅತ್ತಿ ಒದ್ದ ಹೊರಗ ಹಾಕ್ತಾಳ."

ಅವರ ಜೊತೆ ನಾನೂ ಹೊರಟಿದ್ದೇನೆ; ದಾರಿಯುದ್ದಕ್ಕೂ ಮರಿಯ ಬಿದಿರಿನ ಬುಟ್ಟಿ ನಮ್ಮಿಬ್ಬರ ನಡುವೆ, ಸೀಟಿನ ಮೇಲೆ. ಒಳಗೆ ತಾಯಿಯ ವಾಸನೆಯ ಲುಂಗಿಯ ತುಂಡು. ಚಿಕ್ಕೋಡಿಯ ಇಳಿಜಾರಿನಲ್ಲಿ ಮರಿ ಕೂಗುತ್ತದೆ, ರಾಯಬಾಗದಲ್ಲಿ ಸುಮ್ಮನಾಗುತ್ತದೆ. ಸುಮ್ಮನಾದರೆ ಅವರಿಗೆ ಇನ್ನೂ ಕಳವಳ. ಗಾಡಿ ಬದಿಗೆ ಹಾಕಿ ಮುಚ್ಚಳ ಎತ್ತಿ ನೋಡುತ್ತಾರೆ. "ಮಲಗೇತಿ" ಎಂದು ಹೊರಡುತ್ತಾರೆ. ಸ್ವಲ್ಪ ದೂರ ಹೋಗಿ ಮತ್ತೆ ನೋಡುತ್ತಾರೆ.

ಉಗಾರದ ಮನೆಯಲ್ಲಿ ಅವರು ಹೇಳಬೇಕಾದದ್ದನ್ನೆಲ್ಲ ಹೇಳುತ್ತಾರೆ. ಮೊದಲ ದಿನಗಳಲ್ಲಿ ಒಂದೇ ಕೋಣೆ, ಬಾಗಿಲು ಮುಚ್ಚಿರಲಿ. ಎಮ್ಮೆಯ ಹಸಿ ಹಾಲು ಬೇಡ, ಮೊಟ್ಟೆ ಬೇಯಿಸಿ ಹಾಕಿ. ಹಗ್ಗ ಕಟ್ಟಬೇಡಿ. ಲಸಿಕೆಗೆ ಕರೆದುಕೊಂಡು ಹೋಗಲು ನಾನೇ ಬರುತ್ತೇನೆ. ಬೇಡವೆನಿಸಿದರೆ ಬಿಡಬೇಡಿ, ಫೋನ್ ಮಾಡಿ, ಒಯ್ಯುತ್ತೇನೆ.

"ನನ್ನ ಮಗಳ ಲಗ್ನದಾಗೂ ಬೀಗರಿಗೆ ಇಷ್ಟ ಹೇಳಿ ಕಳಿಸಿಲ್ಲ ನಾನು" ಎಂದು ಲಗಮವ್ವ ನಗುತ್ತಾಳೆ. "ಹೋಗ ಮಿಯಾ, ಮುಂದಿನ ಓಣ್ಯಾಗ ಬೀಡಿ ತಗೊಂಬಾ. ಅಷ್ಟರಾಗ ಚಾ ಇಡ್ತೇವಿ."

ನಾವು ಬೀಡಿ ಕಟ್ಟುಗಳನ್ನು ಗಾಡಿಗೆ ತುಂಬಿಕೊಂಡು ಮರಳಿದಾಗ ದ್ರೌಪದಿ ಬಾಗಿಲಲ್ಲೇ ನಿಂತಿದ್ದಾಳೆ. "ಕಾಕಾ, ಅದಕ್ಕ ಏನೋ ಆಗಾಕತ್ತೈತ್ರಿ."

ಮರಿ ಒಲೆಯ ಪಕ್ಕ ಬಿದ್ದಿದೆ. ಬಾಯಿಂದ ಜೊಲ್ಲು ಸುರಿಯುತ್ತಿದೆ, ತಲೆ ನಡುಗುತ್ತಿದೆ. ಪಕ್ಕದಲ್ಲಿ ಒಂದು ಗೋಣಿಚೀಲ. ಹುಸೇನಮಿಯಾ ಮರಿಯನ್ನು ನೋಡಿ, ಚೀಲವನ್ನು ಎತ್ತಿ ಮೂಗಿಗೆ ಹಿಡಿಯುತ್ತಾರೆ. "ಬಿಸಿನೀರ ತಾ. ಸಾಬಾಣ ತಾ. ನೆಕ್ಕಾಕ ಬಿಡಬ್ಯಾಡ್ರಿ ಅದಕ್ಕ!"

ಹೊಸ ಬೆಕ್ಕು ಹಳೆ ಮನೆಯ ದಾರಿ ಮರೆಯಲೆಂದು ಅದನ್ನು ಚೀಲದಲ್ಲಿ ಹಾಕಿ, ಚೀಲದ ಬಾಯಿ ಬಿಗಿಹಿಡಿದು, ಮನೆಗೆ ಮೂರು ಸುತ್ತು ಹೊಡೆದು ಒಲೆಯ ಮುಂದೆ ಬಿಡುವುದು ಈ ಕಡೆಯ ಪದ್ಧತಿ. ಮನೆಯಲ್ಲಿ ಉಳಿಯಲಿ ಎಂಬ ಆಸೆಯಿಂದಲೇ ಮಾಡುವುದು. ಲಗಮವ್ವನ ಕೈಗೆ ಸಿಕ್ಕಿದ್ದು ಕೊಟ್ಟಿಗೆಯ ಗೂಟಕ್ಕೆ ತೂಗುಬಿದ್ದಿದ್ದ ಹಳೆಯ ಚೀಲ. ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ತಂಬಾಕು ತುಂಬಿಕೊಂಡು ಬಂದದ್ದು. ಗಟ್ಟಿ ಚೀಲವೆಂದು ಎಸೆದಿರಲಿಲ್ಲ. ಆಗ ಅದನ್ನು ತಂದುಕೊಟ್ಟವರು ಹುಸೇನಮಿಯಾರೇ.

ಮರಿಯ ಮೈ ತೊಳೆದು, ಒರೆಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಕಾಗವಾಡದ ಪಶು ಆಸ್ಪತ್ರೆಯತ್ತ ಗಾಡಿ ಓಡುತ್ತದೆ. ಲಗಮವ್ವ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹತ್ತಿ ಕೂತಿದ್ದಾಳೆ. ಮರಿ ಅವಳ ತೊಡೆಯ ಮೇಲಿದೆ.

"ನಮ್ಮತ್ತಿ ಹಿಂಗ ಮಾಡ್ತಿದ್ಲೋ. ಆಕಿ ಅತ್ತಿನೂ ಹಿಂಗ ಮಾಡ್ತಿದ್ಲು. ಒಂದ ಬೆಕ್ಕೂ ಸತ್ತಿರಲಿಲ್ಲ."

"ಅವರು ಜ್ವಾಳದ ಚೀಲದಾಗ ಹಾಕತಿದ್ರವ್ವಾ. ಇದು ತಂಬಾಕಿಂದು."

"ನಿನಗ ಗೊತ್ತಿತ್ತು ಹೌದಿಲ್ಲೋ? ಮತ್ತ ಹೇಳಬೇಕಿಲ್ಲೇನೋ ಭಾಡ್ಯಾ! ಹಾಲ ಹೇಳಿದಿ, ಹಗ್ಗ ಹೇಳಿದಿ, ಊರ ಉಸಾಬರಿ ಎಲ್ಲಾ ಹೇಳಿದಿ!"

ಹುಸೇನಮಿಯಾ ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ. "ಹೇಳಲಿಲ್ಲ. ನಾನ ಬುಟ್ಟ್ಯಾಗ ತಂದೇನಲ್ಲ, ಇನ್ನ ಚೀಲ ಯಾಕ ಬೇಕ ಅಂದ್ಕೊಂಡೆ. ಬೀಡಿ ಬಿಟ್ಟ ಮನಿ, ತಂಬಾಕ ಇಲ್ಲ ಅಂದ್ಕೊಂಡೆ." ಉಗಾರದ ಮನೆಯಲ್ಲಿ ಅವರು ಅದೆಲ್ಲ ಹೇಳುತ್ತಿದ್ದಾಗ ನಡುನಡುವೆ ಪ್ರಶ್ನೆ ಕೇಳಿದವನು ನಾನು. ಅದರಿಂದಲೇ ಆ ಮಾತು ತಪ್ಪಿತೋ ಏನೋ, ಖಚಿತವಾಗಿ ಹೇಳಲಾರೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಶೀತಲ್ ಮರಿಯ ಕಣ್ಣು, ಒಸಡು ನೋಡುತ್ತಾರೆ. ಸೂಜಿ ಚುಚ್ಚುತ್ತಾರೆ, ಚರ್ಮದಡಿ ಸಲೈನ್ ಬಿಡುತ್ತಾರೆ. "ಲಗೂನ ತೊಳದೀರಿ, ಅದ ಛಲೋ ಆತು. ಆದ್ರ ಈಗ ಏನೂ ಹೇಳಾಕ ಆಗಂಗಿಲ್ಲ. ಹೊರಗ ಕುಂದರ್ರಿ."

ಕುಳಿತುಕೊಳ್ಳುವುದು ಹುಸೇನಮಿಯಾರಿಂದ ಆಗುವುದಿಲ್ಲ. ಬೇವಿನ ಮರದಿಂದ ಟೆಂಪೊಗೆ, ಟೆಂಪೊದಿಂದ ಕಿಟಕಿಗೆ ಓಡಾಡುತ್ತಾರೆ. ಶೇಡಬಾಳದ ಹೆಂಗಸರು ಬೀಡಿ ಕಟ್ಟಿಟ್ಟುಕೊಂಡು ಕಾಯುತ್ತಿದ್ದಾರೆ. ಕಾರ್ಖಾನೆಯಿಂದ ಫೋನು ಬರುತ್ತದೆ, ಟೈರ್ ಪಂಕ್ಚರ್ ಎಂದು ಸುಳ್ಳು ಹೇಳುತ್ತಾರೆ. ಮತ್ತೆ ಬರುತ್ತದೆ, ಎತ್ತುವುದಿಲ್ಲ. ಲಗಮವ್ವ ಕಟ್ಟೆಯ ಮೇಲೆ ಕೂತು ತನ್ನ ಅಂಗೈಗಳನ್ನೇ ಮೂಸಿ ನೋಡುತ್ತಾಳೆ. ಎದ್ದು ನಲ್ಲಿಗೆ ಹೋಗಿ ತೊಳೆಯುತ್ತಾಳೆ. ಬಂದು ಮತ್ತೆ ಮೂಸುತ್ತಾಳೆ.

ಹೊತ್ತು ಇಳಿಯುವಾಗ ಒಳಗಿನಿಂದ ಒಂದು ಸಣ್ಣ, ಸಿಟ್ಟಿನ ಕೂಗು ಕೇಳಿಸುತ್ತದೆ. ಮೂವರೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತೇವೆ. ಮರಿ ನಾಲ್ಕು ಕಾಲ ಮೇಲೆ ನಿಂತಿದೆ. ವಾಲಿಕೊಂಡೇ ನಿಂತಿದೆ, ಆದರೆ ನಿಂತಿದೆ. ಡಾಕ್ಟರು ಟವೆಲ್ ಬದಲಿಸುತ್ತಾ ಹೇಳುತ್ತಾರೆ: "ಇವತ್ತೊಂದ ರಾತ್ರಿ ಬೆಚ್ಚಗ ಇಡ್ರಿ. ನಾಳೆ ಉಂಡ್ರ ಗೆದ್ದಂಗ."

ಈಗ ಎಲ್ಲಿಗೆ ಎಂಬುದೇ ಪ್ರಶ್ನೆ. ಗೋದಾಮಿನಲ್ಲಿ ಇಷ್ಟು ಹೊತ್ತಿಗೆ ಹಮಾಲರು ಬೋದು ಎಳೆಯುತ್ತಿರುತ್ತಾರೆ. ಹಾಜಿರಾಬಿಯ ಮೊರದಲ್ಲಿ ತಂಬಾಕಿದೆ. ಲಗಮವ್ವ ಮರಿಯನ್ನು ಹುಸೇನಮಿಯಾ ಕಡೆಗೆ ಚಾಚುತ್ತಾಳೆ. "ಒಯ್ಯೋ ಯಪ್ಪಾ. ನನ್ನ ಕೈಗುಣ ಛಲೋ ಇಲ್ಲ."

ಅವರು ತೆಗೆದುಕೊಳ್ಳುವುದಿಲ್ಲ, ಬೇಡವೆನ್ನುವುದೂ ಇಲ್ಲ. ಲಗಮವ್ವನ ಬರಿಗಾಲುಗಳತ್ತ ನೋಡುತ್ತಾರೆ. ನಾನು ಆ ಜಾಗದಲ್ಲಿದ್ದಿದ್ದರೆ ಆ ಮನೆಗೆ ಮರಿಯನ್ನು ಮತ್ತೆ ಕೊಡುತ್ತಿದ್ದೆನೋ ಇಲ್ಲವೋ ತಿಳಿಯದು.

"ಅವ್ವಾ, ಕೊಟ್ಟಿಗ್ಯಾಗ ಅಂಥಾ ಚೀಲ ಇನ್ನ ಎಷ್ಟದಾವು?"

"ಅದಾವು ಒಂದಷ್ಟು."

"ಮದಲ ಅವನ್ನ ಗಾಡ್ಯಾಗ ಹಾಕು. ಕೊಟ್ಟಿಗಿ ಕಸಾ ಹೊಡಿ. ನಾ ನಿಂತ ನೋಡ್ತೇನಿ. ಆಮ್ಯಾಲ ಮರೀನ ಒಳಗ ಬಿಡ್ತೇನಿ. ಬರಿಗಾಲಲೆ ಓಡಿ ಬಂದೀ ನೀನು. ನಿನ್ನಷ್ಟು ಅಂಜಿ ಸಾಕಾವ್ರು ನನಗ ಇನ್ನ ಎಲ್ಲಿ ಸಿಗ್ತಾರ?"

ಉಗಾರದ ಕೊಟ್ಟಿಗೆಯಲ್ಲಿ ಅವರು ಹೇಳಿದಂತೆಯೇ ಆಗುತ್ತದೆ. ಅತ್ತೆ ಚೀಲ ಎಳೆಯುತ್ತಾಳೆ, ಸೊಸೆ ಕಸ ಹೊಡೆಯುತ್ತಾಳೆ, ಹುಸೇನಮಿಯಾ ಮೂಲೆಮೂಲೆಗೆ ಬಗ್ಗಿ ಮೂಸಿ ನೋಡುತ್ತಾರೆ. ಹೊರಡುವಾಗ ಕತ್ತಲಾಗಿದೆ. ಅವರಿಗೆ ಸೇತುವೆ ದಾಟುವವರೆಗೂ ಅನುಮಾನ, ಗಾಡಿ ನಿಧಾನ ಮಾಡಿ, "ತಿರುಗಿ ಹೋಗೂಣೇನ್ರಿ?" ಎಂದು ಕೇಳುತ್ತಾರೆ.

ಮರುದಿನ ಅವರು ಫೋನು ಹಚ್ಚಿದಾಗ ನಾನೂ ಪಕ್ಕದಲ್ಲಿದ್ದೇನೆ. ಸ್ಪೀಕರ್ ಹಾಕುತ್ತಾರೆ. ಅತ್ತ ಕಡೆ ಯಾರೂ ಹಲೋ ಅನ್ನುವುದಿಲ್ಲ. ಏನೋ ಪಾತ್ರೆ ಉರುಳಿದ ಸದ್ದು, ಹಿಂದೆಯೇ ಲಗಮವ್ವನ ದನಿ: "ಏ ರಂಡಿ! ಮೊಟ್ಟಿ ತಿಂದೀ, ಸಾಲಲಿಲ್ಲೇನ? ನನ್ನ ಪಾಲಿನ ಕೆನಿಗೂ ಬಾಯಿ ಹಾಕ್ತಿ? ದ್ರೌಪದೀ, ಹಿಡಿಯೇ ಅದನ್ನ!"

ಹುಸೇನಮಿಯಾ ಫೋನನ್ನು ಕಿವಿಯ ಹತ್ತಿರ ಹಿಡಿದು ಇನ್ನಷ್ಟು ಹೊತ್ತು ಕೇಳುತ್ತಾರೆ. ಆಮೇಲೆ ಇಡುತ್ತಾರೆ.

"ಹಂಗ ಬೈಸ್ಕೊಳ್ಳಾಕ ಒಂದ ಮನಿ ಬೇಕಾಗಿತ್ರಿ ಅದಕ್ಕ" ಎನ್ನುತ್ತಾರೆ.