ಬೆಳಿಗ್ಗೆ ಕೊಟ್ಟ ಅನುಮತಿ

ವಿದ್ಯಾನಗರದ ನಮ್ಮ ಮನೆಯಿಂದ ಹೊರಡುವಾಗ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನಾನು ಮೂರು ಸಲ ಒಳಹೋಗಿ ನೋಡುತ್ತೇನೆ. "ಒಂದ್ಸಲ ನೋಡಿದ್ಮೇಲೆ ಮುಗೀತಲ್ಲ ಮಾರಾಯ್ತಿ" ಎಂದು ಗಂಡ ಗೇಟಿನಲ್ಲಿ ನಿಂತು ಗೊಣಗುತ್ತಾರೆ. ನಾನು ನೋಡಿಕೊಳ್ಳುವ ಕಂಪ್ಯೂಟರ್ ಸರ್ವರಿನದೂ ಇದೇ ಸ್ವಭಾವವಾಗಿತ್ತೆಂದರೆ ನೀವು ನಗಬಹುದು.

ದುರ್ಗಿಗುಡಿಯಲ್ಲೊಂದು, ಭದ್ರಾವತಿಯಲ್ಲೊಂದು ಶಾಖೆಯಿರುವ ರೋಗಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಯಾರಾದರೂ ರಿಪೋರ್ಟ್ ತೆರೆದರೆ ಸಾಕು, ಅದರ ಸಾಲುಸಾಲಿಗೂ ಸರ್ವರ್ 'ಇವರು ಇದನ್ನು ನೋಡಬಹುದೇ?' ಎಂದು ಅನುಮತಿಯ ಪಟ್ಟಿಯನ್ನು ಮೊದಲಿನಿಂದ ಹುಡುಕುತ್ತಿತ್ತು. ಅನುಮತಿ, ಅನುಮಾನ ಎರಡೂ ಒಂದೇ ಅಕ್ಷರಗಳಿಂದ ಶುರುವಾಗುವುದು ಸುಮ್ಮನೆ ಅಲ್ಲವೇನೋ! ಭದ್ರಾವತಿಯ ಕೌಂಟರಿನಲ್ಲಿರುವ ಸೆಲ್ವಿ ದಿನವೂ ಫೋನ್ ಮಾಡುತ್ತಿದ್ದಳು: "ಮೇಡಂ, ಸ್ಕ್ರೀನಲ್ಲಿ ಚಕ್ರ ತಿರುಗ್ತಾನೇ ಇದೆ. ಕಾಯ್ತಿರೋರೆಲ್ಲ ನನ್ನ ಬೈತಾರೆ."

ಕೊನೆಗೆ ಏರ್ಪಾಡು ಬದಲಿಸಿದೆ. ಬೆಳಿಗ್ಗೆ ಲಾಗಿನ್ ಆದಾಗ ಒಮ್ಮೆ ಕೇಳುವುದು, ಸಿಕ್ಕ ಉತ್ತರವನ್ನು ಸಂಜೆಯವರೆಗೂ ನೆನಪಿಟ್ಟುಕೊಳ್ಳುವುದು. ರಿಪೋರ್ಟುಗಳು ರೆಪ್ಪೆ ಮಿಟುಕಿಸುವುದರೊಳಗೆ ಬಂದವು. ಆದರೂ ನನ್ನ ಅನುಮಾನ ಹೋಗಲಿಲ್ಲ. ಒಮ್ಮೆ ಹೇಳಿದ 'ಹೌದು' ಎಷ್ಟು ಹೊತ್ತು ಹೌದಾಗಿರುತ್ತದೆ?

ಮೂರನೆಯ ದಿನ, ಭದ್ರಾವತಿ ಶಾಖೆಯ ಹಿರಿಯ ಟೆಕ್ನಿಷಿಯನ್ ನಾಗರತ್ನಮ್ಮ ಫೋನ್ ಮಾಡಿ ದನಿ ತಗ್ಗಿಸಿದರು. "ನನ್ನ ಎದೆ ಗಂಟಿನ ರಿಪೋರ್ಟ್ ಇವತ್ತು ಬರುತ್ತೆ ಕಣಮ್ಮ. ಇಲ್ಲಿ ಬೇರೆ ಯಾರಿಗೂ ಕಾಣಬಾರದು."

ಹನ್ನೊಂದಕ್ಕೇ ಆ ರಿಪೋರ್ಟಿಗೆ ಉಳಿದವರ ಅನುಮತಿ ತೆಗೆದುಹಾಕಿದೆ. ಮಧ್ಯಾಹ್ನ ಊಟಕ್ಕೆ ಕೂತು ಮೊಸರನ್ನಕ್ಕೆ ಕೈಹಾಕಿದವಳಿಗೆ ಥಟ್ಟನೆ ಹೊಳೆಯಿತು: ಪಟ್ಟಿಯಿಂದ ಅನುಮತಿ ಹೋಗಿದೆ, ಸರ್ವರಿನ ನೆನಪಿನಲ್ಲಿ ಬೆಳಗಿನ 'ಹೌದು' ಹಾಗೇ ಇದೆ!

ಕೈತೊಳೆದು ಓಡಿ ಆ ನೆನಪನ್ನೆಲ್ಲ ಅಳಿಸಿದೆ. ಅಷ್ಟರೊಳಗೆ ಯಾರು ತೆರೆದಿದ್ದರೆಂದು ನೋಡಿದರೆ ಒಂದೇ ಹೆಸರು, ಸೆಲ್ವಿ.

"ನೋಡಿದೆ ಮೇಡಂ. ಪ್ರಿಂಟ್ ತೆಗೀತಾ ಅದೂ ಬಂತು. ಯಾರಿಗೂ ಹೇಳಿಲ್ಲ, ಸತ್ಯವಾಗ್ಲೂ" ಎಂದು ಅವಳು ಫೋನಿನಲ್ಲೇ ಅತ್ತಳು.

ಸುಮ್ಮನಿದ್ದುಬಿಡಬಹುದಿತ್ತು, ಇರಲಾಗಲಿಲ್ಲ. ನಾಗರತ್ನಮ್ಮನಿಗೆ ಫೋನ್ ಮಾಡಿ, ತಪ್ಪು ನನ್ನದೆಂದು ಎಲ್ಲವನ್ನೂ ಹೇಳಿದೆ.

"ನಿನ್ನೊಬ್ಬಳನ್ನೇ ನಂಬಿದ್ದೆ" ಎಂದರು. ಆಮೇಲೆ ಮೆಲ್ಲಗೆ, "ನಾನೇ ಇನ್ನೂ ರಿಪೋರ್ಟ್ ನೋಡಿರ್ಲಿಲ್ಲ. ಸೆಲ್ವಿ ಬಂದು ಪಕ್ಕದಲ್ಲಿ ಸುಮ್ನೆ ಕೂತ್ಲು. ನನ್ನ ಊಟದ ಡಬ್ಬಿ ತೊಳೆದಿಟ್ಲು. ಅದನ್ನ ನೋಡಿದ್ದಕ್ಕೇನಾ?"



ಈಗ ಅನುಮತಿ ಬದಲಾದ ಕ್ಷಣವೇ ಸರ್ವರ್ ಹಳೆಯ ಉತ್ತರವನ್ನು ಮರೆಯುತ್ತದೆ, ವೇಗವೂ ಉಳಿದಿದೆ. ನಾಗರತ್ನಮ್ಮ ಚಿಕಿತ್ಸೆಗೆ ಹೋಗುವ ದಿನಗಳಲ್ಲಿ ಸೆಲ್ವಿಯೇ ಜೊತೆಗಿರುತ್ತಾಳೆ. ನನ್ನೊಡನೆ ಮಾತ್ರ ಅವರು ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ.